ಅಕ್ಕನ ಕೊನೇ ಕತ್ತರಿ

ಮೂರು ಕುರ್ಚಿಯ ಆ ಸಲೂನಿನ ಒಡತಿಯನ್ನು ಚಿಕ್ಕವರು ದೊಡ್ಡವರೆನ್ನದೆ ಎಲ್ಲರೂ ಅಕ್ಕ ಅಂತಲೇ ಕರೆಯುವುದು. ಸಂಬಳ ತಡ ಮಾಡಿದವಳಲ್ಲ, ಊಟದ ಹೊತ್ತಿಗೆ ಯಾರನ್ನೂ ಕೆಲಸಕ್ಕೆ ನಿಲ್ಲಿಸಿಕೊಂಡವಳಲ್ಲ. ಆದರೂ ಕೈಚಳಕ ಇದ್ದವರು ಯಾರೂ ಅಲ್ಲಿ ವರ್ಷ ತುಂಬಿಸಲಿಲ್ಲ. ಕೆಲಸ ಬಾರದವರು ಮಾತ್ರ ಗೂಟ ಹೊಡ್ಕೊಂಡು ಕೂತರು!

"ಯಾರಿಗೂ ನಿಯತ್ತೇ ಇಲ್ಲ ಕಣ್ರೀ" ಅಂತ ಗಂಡನ ಹತ್ತಿರ ಗೊಣಗಿದರೆ, "ಎಲ್ಲರೂ ಕೆಟ್ಟವರು, ಒಳ್ಳೆಯವಳು ನೀನೊಬ್ಬಳೇನಾ?" ಅಂತ ಆತ ಕಿಚಾಯಿಸುತ್ತಿದ್ದ.

ಅಸಲು ಸಂಗತಿ ಬೇರೆ. ಯಾರು ಎಷ್ಟೇ ಚೆಂದ ಕತ್ತರಿಸಲಿ, ಗಿರಾಕಿ ಏಳುವ ಮುಂಚೆ ಅಕ್ಕ ಬರಬೇಕು, ಎರಡು ಬೆರಳಲ್ಲಿ ಕೂದಲು ಹಿಡಿದು ನೋಡಬೇಕು, ಎಲ್ಲೋ ಒಂದೆಳೆ ಕಚಕ್ ಅನ್ನಿಸಬೇಕು. "ಹಾಂ, ಈಗ ಸರಿಯಾಯ್ತು." ಒಂದು ಗಂಟೆ ನಿಂತು ಕತ್ತರಿಸಿದವಳು ಪೊರಕೆ ಹುಡುಕಿಕೊಂಡು ಹೋಗುವಳು. ಅಕ್ಕ ತನ್ನ ಕೂದಲನ್ನೂ ಎರಡು ಕನ್ನಡಿ ಇಟ್ಟುಕೊಂಡು ತಾನೇ ಕತ್ತರಿಸಿಕೊಳ್ಳುವವಳು. ಇನ್ನೊಬ್ಬರ ಕೈಗೆ ತಲೆ ಕೊಟ್ಟವಳೇ ಅಲ್ಲ.

ಹೀಗಿರುವಾಗ ಎಡಚಿ ಬಂದಳು. ಎಡಗೈಯವಳು, ಅದಕ್ಕೇ ಆ ಹೆಸರು. ಎಡಗೈಗೆಂದೇ ಮಾಡಿದ ಸ್ವಂತ ಕತ್ತರಿ, ಅದಕ್ಕೊಂದು ಚರ್ಮದ ಚೀಲ. ಎಂಥ ಹಠಮಾರಿ ಗುಂಗುರು ಕೂದಲೂ ಅವಳು ಹೇಳಿದ ಹಾಗೆ ಕೇಳುತ್ತಿತ್ತು. ಜನ ಅವಳ ಕುರ್ಚಿಗೇ ಕಾದು ಕೂರತೊಡಗಿದರು.

ಎಂಟು ತಿಂಗಳಿಗೆ ಅವಳೂ "ಸೋಮವಾರದಿಂದ ಬರಲ್ಲ ಅಕ್ಕ" ಅಂದಳು. ಇವಳು ಹೋದರೆ ಸಲೂನೇ ಖಾಲಿ. ಅಕ್ಕ ಸಂಬಳ ಜಾಸ್ತಿ ಮಾಡ್ತೀನಿ ಅಂದಳು. ಕಿಟಕಿ ಪಕ್ಕದ ಕುರ್ಚಿ ನಿಂದೇ ಅಂದಳು. ಎಡಚಿ ಜಪ್ಪಯ್ಯ ಅಂದ್ರೂ ಬಗ್ಗಲಿಲ್ಲ.

ಶನಿವಾರ, ಅವಳ ಕೊನೇ ದಿನ. ಒಬ್ಬ ಟೀಚರಮ್ಮನ ಕೂದಲು ಮುಗಿಸಿ ಎಡಚಿ ಟವೆಲ್ ತರಲು ಹೋದಳು. ಅಕ್ಕನ ಕೈ ಸುಮ್ಮನಿರಬೇಕಲ್ಲ! ತಟ್ಟೆಯಲ್ಲಿದ್ದ ಕತ್ತರಿ ಎತ್ತಿ ಟೀಚರಮ್ಮನ ಕಿವಿ ಹಿಂದೆ ಒತ್ತಿದಳು. ಅದು ಎಡಚಿಯ ಕತ್ತರಿ, ಬಲಗೈಗೆ ಕೆಲಸ ಮಾಡುವುದುಂಟೇ? ಕೂದಲು ಅಲಗುಗಳ ನಡುವೆ ಮಡಚಿ ಸಿಕ್ಕಿಕೊಂಡಿತು.

"ಅಯ್ಯೋ ಅಯ್ಯೋ!" ಅಂತ ಟೀಚರಮ್ಮ ಅರ್ಧ ಎದ್ದೇಬಿಟ್ಟರು.

ಎಡಚಿ ಓಡಿ ಬಂದು ಬಿಡಿಸಿದಳು. ಟೀಚರಮ್ಮ ಹೋದ ಮೇಲೆ ಮೆಲ್ಲಗೆ ಕೇಳಿದಳು: "ಅಕ್ಕ, ಈ ಎಂಟು ತಿಂಗಳಲ್ಲಿ ನಾನೇ ಶುರು ಮಾಡಿ ನಾನೇ ಮುಗಿಸಿದ ತಲೆ ಒಂದಾದ್ರೂ ಈ ಬಾಗಿಲು ದಾಟಿದ್ಯಾ?"

ಅಕ್ಕ ಲೆಕ್ಕ ಹಾಕಲು ಹೋದಳು. ಒಂದೂ ನೆನಪಾಗಲಿಲ್ಲ. ಬಿಟ್ಟುಹೋದವರ ಮುಖಗಳು ಮಾತ್ರ ಒಂದೊಂದಾಗಿ ನೆನಪಾದವು. ತುಂಬಾ ನಾಚಿಕೆಯಾಯಿತು.

ಅದೇ ಕುರ್ಚಿಯಲ್ಲಿ ಕೂತು, ಗಿರಾಕಿಗೆ ಹೊದಿಸುವ ಬಟ್ಟೆಯನ್ನು ತಾನೇ ಕುತ್ತಿಗೆಗೆ ಸುತ್ತಿಕೊಂಡಳು.

"ನನ್ನದು ಕತ್ತರಿಸು."

ಎಡಚಿ ಬೆಪ್ಪಾಗಿ ನೋಡಿದಳು. ಆಮೇಲೆ ಬಾಚಣಿಗೆ ತಗೊಂಡಳು. ಮುಕ್ಕಾಲು ಗಂಟೆ ಕತ್ತರಿ ಆಡಿತು. ಬಟ್ಟೆಯ ಕೆಳಗೆ ಅಕ್ಕ ತನ್ನ ಒಂದು ಕೈಯನ್ನು ಇನ್ನೊಂದರಿಂದ ಬಿಗಿಯಾಗಿ ಹಿಡಿದುಕೊಂಡಿದ್ದಳು.

"ಮುಗೀತು, ಅಕ್ಕ."

ಅಕ್ಕ ಕನ್ನಡಿಯತ್ತ ನೋಡದೆ ಎದ್ದಳು. ಮೂಲೆಯಿಂದ ಪೊರಕೆ ತಂದು ಕೂದಲು ಗುಡಿಸತೊಡಗಿದಳು.

ಎಡಚಿ ಕತ್ತರಿ ಒರೆಸುತ್ತಾ ಕೇಳಿದಳು: "ಸೋಮವಾರ ಮೊದಲನೇ ಗಿರಾಕಿ ಎಷ್ಟು ಹೊತ್ತಿಗೆ?"