ಅಂಗಡಿ ಅಪ್ಪ, ಕಾರಿನ ಅಪ್ಪ

ನಮ್ಮ ಭಾವನ ಸಿಟ್ಟು ಅಂಗಡಿಯ ಹೊಸ್ತಿಲು ದಾಟಿ ಒಳಗೆ ಬಂದದ್ದೇ ಇಲ್ಲ. ಅದು ಹೊರಗೆ ನಿಲ್ಲಿಸಿದ ಕಾರಿನಲ್ಲಿ ಕೂತು ಅವರಿಗಾಗಿ ಕಾಯುತ್ತಿತ್ತು.

ಭಾವ ಎಂದರೆ ನನ್ನ ಅಕ್ಕನ ಗಂಡ, ವೃತ್ತಿಯಿಂದ ಕ್ಷೌರಿಕರು. ಎರಡು ಕುರ್ಚಿ, ಗೋಡೆಯುದ್ದಕ್ಕೂ ಒಂದು ಕನ್ನಡಿ, ಕಾಯುವವರಿಗೆ ಒಂದು ಬೆಂಚು, ಇಷ್ಟೇ ಅವರ ಅಂಗಡಿ. ಪಕ್ಕದಲ್ಲೇ ನನ್ನ ಜೆರಾಕ್ಸ್ ಅಂಗಡಿ ಇರುವುದರಿಂದ, ಮತ್ತು ನನ್ನಲ್ಲಿ ಗಿರಾಕಿಗಳು ಅಷ್ಟಕ್ಕಷ್ಟೇ ಆದ್ದರಿಂದ, ಅವರ ಕೆಲಸವನ್ನು ನಾನು ಬೇಕಾದಷ್ಟು ನೋಡಿದ್ದೇನೆ. ಕ್ಷೌರಕ್ಕೆ ಕೂತವರಲ್ಲಿ ಸುಮ್ಮನೆ ಕೂರುವವರು ಕಡಿಮೆ. ಕತ್ತಿ ಗಂಟಲ ಮೇಲೆ ಇರುವಾಗಲೇ ಒಬ್ಬರಿಗೆ ಕೆಮ್ಮು ಬರುತ್ತದೆ, ಇನ್ನೊಬ್ಬರಿಗೆ ಫೋನ್ ಬರುತ್ತದೆ, ಮತ್ತೊಬ್ಬರಿಗೆ ಸರ್ಕಾರ ನಡೆಸುವುದು ಹೇಗೆಂದು ಥಟ್ಟನೆ ಹೊಳೆಯುತ್ತದೆ. ಆಗ ಭಾವ ಕೈ ಎತ್ತುತ್ತಾರೆ. ಮೊಣಕೈ ಮಡಿಸಿ, ಮಣಿಕಟ್ಟು ಹಿಂದಕ್ಕೆ ಬಾಗಿಸಿ, ಕತ್ತಿಯನ್ನು ತಮ್ಮ ಕಿವಿಯ ಹತ್ತಿರ ಹಿಡಿದು ನಿಂತುಬಿಡುತ್ತಾರೆ. ಮುಖದಲ್ಲಿ ಒಂದು ಗೆರೆಯೂ ಬದಲಾಗುವುದಿಲ್ಲ. ಗಿರಾಕಿಯ ಕೆಮ್ಮೋ ಭಾಷಣವೋ ಮುಗಿದ ಮೇಲೆ ಕೈ ಮೆಲ್ಲಗೆ ಇಳಿದು, ಬಿಟ್ಟ ಜಾಗದಿಂದಲೇ ಕೆಲಸ ಶುರು ಮಾಡುತ್ತದೆ. ಇಷ್ಟು ವರ್ಷಗಳಲ್ಲಿ ಅವರ ಅಂಗಡಿಯಲ್ಲಿ ಯಾರಿಗೂ ಗಾಯವಾದದ್ದನ್ನು ನಾನು ಕಂಡಿಲ್ಲ. ಬೆಣ್ಣೆ ಕೈ ಎಂದು ಊರವರು ಇಟ್ಟ ಹೆಸರು ಸುಮ್ಮನೆ ಬಂದದ್ದಲ್ಲ.

ಇದೇ ಬೆಣ್ಣೆ ಕೈಗೆ ಸ್ಟಿಯರಿಂಗ್ ಸಿಕ್ಕರೆ ಮುಗಿಯಿತು. ಯಾರಾದರೂ ಅಡ್ಡ ಬಂದರೆ ಹಾರ್ನ್ ಒತ್ತಿ ಹಿಡಿಯುತ್ತಿದ್ದರು. ಕಿಟಕಿ ಇಳಿಸಿ ಎದುರಿನವನ ಅಪ್ಪ, ತಾತ, ಅವನಿಗೆ ಲೈಸೆನ್ಸ್ ಕೊಟ್ಟವರು, ಎಲ್ಲರ ಜನ್ಮ ಜಾಲಾಡುತ್ತಿದ್ದರು. ಪಕ್ಕದಲ್ಲಿ ಕೂತ ಅಕ್ಕ ಸೆರಗಿನಿಂದ ಮುಖ ಮುಚ್ಚಿಕೊಳ್ಳುತ್ತಿದ್ದಳು. ಹಿಂದೆ ಕೂತ ಅವರ ಒಬ್ಬಳೇ ಮಗಳು ಎರಡೂ ಕೈಯಿಂದ ಕಿವಿ ಮುಚ್ಚಿಕೊಳ್ಳುತ್ತಿದ್ದಳು. ಆ ಮಗಳನ್ನು ನಾವೆಲ್ಲ ಗುಬ್ಬಿ ಎಂದೇ ಕರೆಯುವುದು.

ಗುಬ್ಬಿ ಶಾಲೆ ಬಿಟ್ಟು ಸಂಜೆ ನೇರ ಅಪ್ಪನ ಅಂಗಡಿಗೆ ಬರುತ್ತಿದ್ದಳು. ಬೆಂಚಿನ ಮೂಲೆಯಲ್ಲಿ ಕೂತು ಮನೆಪಾಠ ಬರೆದು, ಕತ್ತರಿಯ ಚಕಚಕ ಸದ್ದು ಕೇಳುತ್ತ ಹಾಗೇ ಗೋಡೆಗೆ ಒರಗಿ ಬಾಯಿ ಬಿಟ್ಟುಕೊಂಡು ನಿದ್ದೆ ಹೋಗುತ್ತಿದ್ದಳು. ಅಂಗಡಿಯಲ್ಲಿ ಹಾಗೆ ನಿದ್ದೆ ಮಾಡುತ್ತಿದ್ದ ಹುಡುಗಿ ಕಾರಿನಲ್ಲಿ ಎಷ್ಟು ದೂರ ಹೋದರೂ ಕಣ್ಣು ಮುಚ್ಚಿದವಳಲ್ಲ.

ಅವಳಿಗೆ ಎಂಟು ವರ್ಷವಿದ್ದಾಗ ಶಾಲೆಯ ನಾಟಕದಲ್ಲಿ ಮೊಲದ ಪಾತ್ರ ಸಿಕ್ಕಿತ್ತು. ಅಕ್ಕ ಬಿಳಿ ಬಟ್ಟೆಯಲ್ಲಿ ಉದ್ದ ಕಿವಿ ಹೊಲಿದು ಅವಳ ತಲೆಗೆ ಕಟ್ಟಿ ಕಾರು ಹತ್ತಿಸಿದ್ದಳು. ದಾರಿಯಲ್ಲಿ ಯಾವನೋ ವ್ಯಾನಿನವನು ಕಾರಿಗೆ ಉಜ್ಜುವಷ್ಟು ಹತ್ತಿರದಿಂದ ನುಗ್ಗಿ ಹೋದ. ಭಾವ ಶಾಲೆಯ ತಿರುವು ಬಿಟ್ಟು ವ್ಯಾನಿನ ಬೆನ್ನು ಹತ್ತಿದರು. ಊರಿನ ಆಚೆ ಕಡೆಯವರೆಗೂ ಅಟ್ಟಿಸಿಕೊಂಡು ಹೋಗಿ, ಅವನನ್ನು ನಿಲ್ಲಿಸಿ, ಮನಸ್ಸಿಗೆ ಸಮಾಧಾನವಾಗುವಷ್ಟು ಬೈದು ಅವರು ಶಾಲೆಗೆ ಬರುವ ಹೊತ್ತಿಗೆ ಮೊಲವಿಲ್ಲದೆಯೇ ನಾಟಕ ಮುಗಿದಿತ್ತು. ಗುಬ್ಬಿ ಅಳಲಿಲ್ಲ. ಮಾರನೆಯ ದಿನ ಅಂಗಡಿಯ ಬೆಂಚಿನ ಮೇಲೆ ಕೂತು, ಅಪ್ಪನಿಗೆ ಕೇಳುವಂತೆಯೇ ಅಮ್ಮನಿಗೆ ಹೇಳಿದಳು: "ನಂಗೆ ಕಾರಿನ ಅಪ್ಪ ಬೇಡ. ಅಂಗಡಿ ಅಪ್ಪ ಒಬ್ರೇ ಸಾಕು."

ಆ ಮಾತನ್ನು ನೆಂಟರು ಸೇರಿದಾಗಲೆಲ್ಲ ಹೇಳಿಕೊಂಡು ನಾವು ಹೊಟ್ಟೆ ಹುಣ್ಣಾಗುವಂತೆ ನಗುತ್ತಿದ್ದೆವು. ಭಾವನೂ ನಗುತ್ತಿದ್ದರು. ಆಗ ಅವರ ಮುಖವನ್ನು ಯಾರೂ ಸರಿಯಾಗಿ ನೋಡಿರಲಿಲ್ಲ ಎಂದು ನನಗೆ ಈಗ ಅನಿಸುತ್ತದೆ. ಗುಬ್ಬಿ ಆಮೇಲೆ ಬಸ್ಸಿನಲ್ಲೋ ನಡೆದೋ ಹೋಗುವುದನ್ನು ಅಭ್ಯಾಸ ಮಾಡಿಕೊಂಡಳು. ದೊಡ್ಡವಳಾದಳು, ಆಸ್ಪತ್ರೆಯ ಎಕ್ಸ್-ರೇ ವಿಭಾಗದಲ್ಲಿ ಕೆಲಸಕ್ಕೆ ಸೇರಿದಳು, ತನ್ನದೇ ಒಂದು ಕಾರು ಕೊಂಡಳು, ಮದುವೆಯಾದಳು, ಅವಳಿಗೊಂದು ಹೆಣ್ಣು ಮಗುವಾಯಿತು. ಮೊಮ್ಮಗಳು ಹುಟ್ಟಿದ ವಾರದಲ್ಲೇ ಭಾವ ಹೋಗಿ ಮಗುವನ್ನು ಕಾರಿನಲ್ಲಿ ಕೂರಿಸುವ ಸೀಟು ತಂದು ಹಿಂದುಗಡೆ ಬಿಗಿದರು. ಗುಬ್ಬಿ ಅದನ್ನು ನೋಡಿದಳು. ಬೈಯಲಿಲ್ಲ, ಹಂಗಿಸಲೂ ಇಲ್ಲ. ಅಪ್ಪನ ಕೈ ಹಿಡಿದುಕೊಂಡು, "ಪಾಪೂನ ನಿಮ್ಮ ಕಾರಲ್ಲಿ ಕೂರ್ಸೋಕೆ ನಂಗೆ ಧೈರ್ಯ ಬರಲ್ಲ ಅಪ್ಪ. ಬೇಜಾರು ಮಾಡ್ಕೋಬೇಡಿ" ಎಂದಳು. ಭಾವ ಸರಿ ಎಂದು ತಲೆಯಾಡಿಸಿದರು. ಸೀಟನ್ನು ಮಾತ್ರ ತೆಗೆಯಲಿಲ್ಲ. ಅಂಗಡಿಯವರು ಸುತ್ತಿಕೊಟ್ಟ ಪ್ಲಾಸ್ಟಿಕ್ ಸಮೇತ ಅದು ಎರಡು ವರ್ಷ ಹಾಗೇ ಖಾಲಿ ಕೂತಿತ್ತು. ಆ ಕಾರಿನಲ್ಲಿ ಹಿಂದೆ ಕೂರುವ ನನಗೆ ಅದರ ಪಕ್ಕ ಕೂರಲು ಸಂಕಟವಾಗುತ್ತಿತ್ತು.

ಈ ಕಥೆಯಲ್ಲಿ ಗಾಲಿಮನೆ ಬಂದದ್ದು ಅಕ್ಕನ ದಿಂಬಿನಿಂದ. ಅವಳಿಗೆ ಊರೂರು ನೋಡುವ ಆಸೆ, ಆದರೆ ತನ್ನ ದಿಂಬು, ತನ್ನ ಹಾಸಿಗೆ, ತಾನೇ ತೊಳೆದ ಬಚ್ಚಲು ಬಿಟ್ಟು ಬೇರೆ ಕಡೆ ಅವಳಿಗೆ ನಿದ್ದೆ ಬಾರದು. ಒಬ್ಬ ಹಳೆಯ ಗಿರಾಕಿ, ಕಾರಿನ ಹಿಂದಿನ ಕೊಕ್ಕೆಗೆ ಸಿಕ್ಕಿಸಿ ಎಳೆದುಕೊಂಡು ಹೋಗುವಂಥ ತನ್ನ ಟ್ರೇಲರನ್ನು ಮಾರಲು ಹೊರಟಾಗ ಭಾವ ಕೊಂಡುಬಿಟ್ಟರು. ಒಳಗೆ ಮಡಚುವ ಮಂಚ, ಪುಟ್ಟ ಒಲೆ, ಮೂಲೆಯಲ್ಲೊಂದು ಚಿಕ್ಕ ಬಚ್ಚಲು, ಬಟ್ಟಲು ಲೋಟಗಳಿಗೆ ಕಪಾಟು, ಕಿಟಕಿಗೆ ಪರದೆ. ಅಕ್ಕ ಅದಕ್ಕೆ ಗಾಲಿಮನೆ ಎಂದು ಹೆಸರಿಟ್ಟಳು.

ಮೊದಲ ಪ್ರಯಾಣದಲ್ಲಿ ಯಾರೋ ಅಡ್ಡ ಬಂದರು. ಭಾವ ಹಳೆಯ ಚಾಳಿಯಂತೆ ಬ್ರೇಕ್ ತುಳಿದು, ಬೈದು, ಮತ್ತೆ ಜೋರಾಗಿ ಎಳೆದರು. ಊರು ತಲುಪಿ ಗಾಲಿಮನೆಯ ಬಾಗಿಲು ತೆಗೆದರೆ ಅವರ ಸಿಟ್ಟೆಲ್ಲ ನೆಲದ ಮೇಲೆ ಬಿದ್ದಿತ್ತು. ಕಪಾಟು ಬಾಯಿ ತೆರೆದು ಗಾಜಿನ ಲೋಟಗಳೆಲ್ಲ ಚೂರಾಗಿದ್ದವು. ಸಕ್ಕರೆ ಡಬ್ಬಿ ಹಾರಿ ಅಕ್ಕನ ದಿಂಬಿನ ಮೇಲೆ ಸುರಿದಿತ್ತು. ಅಕ್ಕ ದಿಂಬನ್ನು ಹೊರಗೆ ತಂದು ಝಾಡಿಸಿದಳು. ಆಮೇಲೆ ಕೇಳಿದಳು.

"ರೀ, ಕುರ್ಚೀಲಿ ಕೂತೋರು ಅಲ್ಲಾಡಿದ್ರೆ ಏನ್ ಮಾಡ್ತೀರಿ?"

"ಕೈ ಎತ್ತಿ ಕಾಯ್ತೀನಿ."

"ಅವರ ಮೇಲೆ ಸಿಟ್ಟು ಬರಲ್ವಾ?"

"ಕತ್ತಿ ನನ್ನ ಕೈಲಿದೆಯಲ್ಲ. ಸಿಟ್ಟು ಬಂದ್ರೆ ಹೇಗೆ?"

"ಹಾಗಾದ್ರೆ ರಸ್ತೇಲೂ ಕಾಲು ಎತ್ತಿ ಕಾಯಿರಿ" ಎಂದಳು ಅಕ್ಕ. "ಇಲ್ಲೂ ಕತ್ತಿ ನಿಮ್ಮ ಹತ್ರಾನೇ ಇದೆ."

ಭಾವ ಬಗ್ಗಿ ಗಾಜಿನ ಚೂರು ಆರಿಸಿದರು. ಅಂದಿನಿಂದ ಪ್ರತಿ ವಾರದ ರಜೆಗೂ ಖಾಲಿ ರಸ್ತೆಗಳಲ್ಲಿ ಗಾಲಿಮನೆ ಎಳೆಯುವ ಅಭ್ಯಾಸ ಶುರುವಾಯಿತು. ಅಕ್ಕ ಸಕ್ಕರೆ ಡಬ್ಬಿಯ ಮುಚ್ಚಳ ಸಡಿಲ ಮಾಡಿ ಕಪಾಟಿನಲ್ಲಿಟ್ಟು, ಮನೆಗೆ ಬಂದ ಮೇಲೆ ಪರೀಕ್ಷೆ ಮಾಡುವ ಮೇಷ್ಟ್ರಂತೆ ಹೋಗಿ ನೋಡುತ್ತಿದ್ದಳು. ಮೊದಮೊದಲು ಇರುವೆಗಳಿಗೆ ಹಬ್ಬ. ಬರಬರುತ್ತ ಚೆಲ್ಲುವುದು ಕಡಿಮೆಯಾಗಿ, ಕೊನೆಗೆ ಒಂದು ಕಾಳೂ ಚೆಲ್ಲದಂತಾಯಿತು. ಇದೆಲ್ಲ ಗುಬ್ಬಿಗೆ ಗೊತ್ತಿರಲಿಲ್ಲ. ಹೇಳಿದರೂ ಅವಳು ನಂಬುವ ಹಾಗಿರಲಿಲ್ಲ. ಹೇಳುವುದು ಬೇಡ ಎಂದವರೂ ಭಾವನೇ.

ಹೀಗೊಂದು ರಜೆಯಲ್ಲಿ ಕೆರೆಯ ದಡಕ್ಕೆ ಹೋಗಿ ಎರಡು ದಿನ ಇದ್ದು ಬರೋಣವೆಂದು ಅಕ್ಕ ಮಗಳನ್ನೂ ನನ್ನನ್ನೂ ಕರೆದಳು. ಅಳಿಯನಿಗೆ ಡ್ಯೂಟಿ ಇತ್ತು. ಗುಬ್ಬಿ ಬರಲು ಒಪ್ಪಿದಳು, ಆದರೆ ತನ್ನ ಕಾರಿನಲ್ಲಿ, ಪಾಪುವನ್ನು ಕರೆದುಕೊಂಡು, ನಮ್ಮ ಹಿಂದೆ. ಹೊರಡುವ ಬೆಳಗ್ಗೆ ಭಾವ ಹಿಂದಿನ ಬಾಗಿಲು ತೆಗೆದು ಖಾಲಿ ಸೀಟಿನ ಪಟ್ಟಿಗಳನ್ನು ಎಳೆದು ನೋಡುವುದನ್ನು ಕಂಡೆ. ಅವರ ಮನಸ್ಸಿನಲ್ಲಿ ಏನಿತ್ತೆಂದು ಯಾರೂ ಹೇಳಬೇಕಾಗಿರಲಿಲ್ಲ. ಬರುವಾಗಲಾದರೂ ಪಾಪು ಅದರಲ್ಲಿ ಕೂರಬೇಕು, ಅಷ್ಟೇ.

ದೊಡ್ಡ ರಸ್ತೆಗೆ ಬಂದೆವು. ಭಾರ ಎಳೆಯುವಾಗ ಮುಂದಿನ ಗಾಡಿಗೂ ನಮಗೂ ನಡುವೆ ಬೇಕಾದಷ್ಟು ಜಾಗ ಬಿಡಬೇಕು. ಭಾವ ಬಿಟ್ಟರು. ಬಿಟ್ಟ ಜಾಗ ಕಂಡ ಕೂಡಲೇ ಒಬ್ಬ ತೂರಿಕೊಂಡ. ಭಾವ ಆಕ್ಸಿಲರೇಟರಿನಿಂದ ಕಾಲು ಎತ್ತಿ ಮತ್ತೆ ಜಾಗ ಮಾಡಿದರು. ಅಲ್ಲಿಗೆ ಇನ್ನೊಬ್ಬ ಬಂದ. ಮತ್ತೆ ಕಾಲು ಎತ್ತಿದರು. ನಾವು ಮುಂದಕ್ಕೆ ಹೋಗುತ್ತಿದ್ದೇವೋ ಹಿಂದಕ್ಕೋ ಎಂದು ನನಗೆ ಅನುಮಾನ ಶುರುವಾಯಿತು. ಭಾವ ಬೈಯುವುದನ್ನು ಬಿಟ್ಟ ಮೇಲೆ ಆ ಹುದ್ದೆ ಖಾಲಿ ಬಿದ್ದಿತ್ತಲ್ಲ, ನಾನೇ ವಹಿಸಿಕೊಂಡೆ. ಮೂರನೆಯವನ ತಾತನವರೆಗೆ ಬರುವಷ್ಟರಲ್ಲಿ ಅಕ್ಕ ತಿರುಗಿ ನೋಡಿದಳು, ನನ್ನ ಬಾಯಿಗೆ ಬೀಗ ಬಿತ್ತು.

ಹಿಂದೆ ಗಾಡಿಗಳ ಸಾಲು ಬೆಳೆದಾಗ ಭಾವ ಅಗಲವಾದ ಕಡೆ ಬದಿಗೆ ನಿಲ್ಲಿಸಿ ಎಲ್ಲರನ್ನೂ ಹೋಗಲು ಬಿಟ್ಟರು. ಕೆಲವರು ಕೈ ಬೀಸಿ ಹೋದರು, ಕೆಲವರು ಬೈದು ಹೋದರು. ಭಾವ ಇಬ್ಬರಿಗೂ ಒಂದೇ ರೀತಿ ತಲೆಯಾಡಿಸಿದರು. ಗುಬ್ಬಿಯ ಕಾರು ಮಾತ್ರ ಮುಂದೆ ಹೋಗದೆ ಹಿಂದೆಯೇ ನಿಂತಿತ್ತು.

ಆಮೇಲೆ ಒಂದು ಉದ್ದದ ಇಳಿಜಾರು. ಕೆಂಪು ಕಾರೊಂದು ಹಾರ್ನ್ ಹೊಡೆಯುತ್ತ ಪಕ್ಕದಿಂದ ಬಂದು, ಇನ್ನೇನು ನಮ್ಮ ಮೂತಿಗೆ ತಾಗುವಷ್ಟು ಹತ್ತಿರ ಅಡ್ಡ ನುಗ್ಗಿ, ಮುಂದೆ ಲಾರಿ ಕಂಡು ಬ್ರೇಕ್ ಹಾಕಿತು. ಭಾವ ಕಾಲು ಎತ್ತಿದರು. ಹಿಂದೆ ಗಾಲಿಮನೆ ಒಮ್ಮೆ ಎಡಕ್ಕೆ, ಒಮ್ಮೆ ಬಲಕ್ಕೆ ಓಲಾಡತೊಡಗಿತು, ಕಾರಿನ ಬಾಲವನ್ನು ಯಾರೋ ಹಿಡಿದು ಅಲ್ಲಾಡಿಸಿದಂತಾಯಿತು. ಆ ಗಳಿಗೆಯಲ್ಲಿ ಬ್ರೇಕ್ ಜೋರಾಗಿ ತುಳಿದಿದ್ದರೆ ನಾವು ರಸ್ತೆಗೆ ಅಡ್ಡ ಬೀಳುತ್ತಿದ್ದೆವು, ಹಿಂದೆಯೇ ಗುಬ್ಬಿ, ಪಾಪು. ಭಾವ ತುಳಿಯಲಿಲ್ಲ. ಸ್ಟಿಯರಿಂಗನ್ನು ನೆಟ್ಟಗೆ ಹಿಡಿದು, ಕಾಲು ಎತ್ತಿದವರು ಎತ್ತಿದ ಹಾಗೇ ಕಾದರು. ಕೆಂಪು ಕಾರು ಲಾರಿಯನ್ನು ದಾಟಿ ಹೋಯಿತು. ಗಾಲಿಮನೆ ಇನ್ನೆರಡು ಸಲ ಓಲಾಡಿ, ಮೆಲ್ಲಗೆ ಸರಿಹೋಗಿ ನಮ್ಮ ಹಿಂದೆ ಬಂತು. ಅಕ್ಕ ಹಿಡಿದಿದ್ದ ಉಸಿರು ಬಿಟ್ಟಳು.

ಇಳಿಜಾರಿನ ಕೊನೆಗೆ ಪೆಟ್ರೋಲ್ ಬಂಕು. ಕೊಕ್ಕೆ ನೋಡಬೇಕೆಂದು ಭಾವ ಅಲ್ಲಿ ನಿಲ್ಲಿಸಿದರು. ಕೆಂಪು ಕಾರೂ ಅಲ್ಲೇ ನಿಂತಿತ್ತು. ಅದರ ಒಡೆಯ ನಮ್ಮನ್ನು ಕಂಡು ತಾನೇ ಮೈಮೇಲೆ ಬಂದ. ಮನೆಯನ್ನೇ ರಸ್ತೆಗೆ ಎಳೆದು ತರುವ ಮುದುಕರಿಂದಾಗಿ ಕೆಲಸವಿದ್ದವರು ಓಡಾಡುವ ಹಾಗಿಲ್ಲ ಎಂದು ಶುರು ಮಾಡಿ, ಹಳೆಯ ದಿನಗಳಲ್ಲಿ ಭಾವ ಹೇಳುತ್ತಿದ್ದಂಥದ್ದನ್ನೆಲ್ಲ ಹೇಳಿದ. ಅಷ್ಟರಲ್ಲಿ ಗುಬ್ಬಿ ಕಾರು ನಿಲ್ಲಿಸಿ, ಪಾಪುವನ್ನು ಸೊಂಟಕ್ಕೆ ಏರಿಸಿಕೊಂಡು ಇಳಿದಿದ್ದಳು. ಹತ್ತಿರ ಬರಲಿಲ್ಲ. ಅವಳ ಮುಖ ಬಿಳಿಚಿಕೊಂಡಿತ್ತು. ಒಂದು ಕೈಯಿಂದ ಮಗುವಿನ ಕಿವಿ ಮುಚ್ಚಿದ್ದಳು.

ಭಾವನ ಬಲಗೈ ಮೇಲೆದ್ದಿತು. ಹೊಡೆದೇಬಿಡುತ್ತಾರೆ ಎಂದುಕೊಂಡು ನಾನು ಓಡಿದೆ. ಕೈ ಅವರ ಕಿವಿಯ ಹತ್ತಿರ ಬಂದು ನಿಂತಿತು. ಮೊಣಕೈ ಮಡಿಸಿತ್ತು, ಮಣಿಕಟ್ಟು ಹಿಂದಕ್ಕೆ ಬಾಗಿತ್ತು, ಬೆರಳುಗಳ ನಡುವೆ ಇಲ್ಲದ ಕತ್ತಿ. ಮುಖದಲ್ಲಿ ಒಂದು ಗೆರೆಯೂ ಬದಲಾಗಿರಲಿಲ್ಲ. ಎದುರಿನವನು ಇನ್ನಷ್ಟು ಕೂಗಿದ. ಉತ್ತರ ಬರದಿದ್ದಾಗ ಹೇಳಿದ್ದನ್ನೇ ಹೇಳಿದ. ಆಮೇಲೆ ಮಾತು ಮುಗಿದು ಸುಮ್ಮನೆ ನಿಂತ. ಭಾವ ಕೈ ಇಳಿಸಿ, ಗಿರಾಕಿಯ ಕೆನ್ನೆ ನೋಡುವಂತೆ ಅವನ ಮುಖವನ್ನು ನೋಡಿದರು.

"ನಿಮ್ಮ ಕಣ್ಣು ತುಂಬಾ ಕೆಂಪಗಿದೆ, ನಿದ್ದೆ ಇಲ್ಲ ಅನ್ಸುತ್ತೆ. ಮುಖಕ್ಕೆ ಸ್ವಲ್ಪ ನೀರು ಹಾಕ್ಕೊಂಡು, ಕೂತು ಸುಧಾರಿಸ್ಕೊಂಡು ಹೊರಡಿ. ನಮಗೇನೂ ಆಗಿಲ್ಲ."

ಅವನು ಕಣ್ಣು ಉಜ್ಜಿಕೊಳ್ಳುತ್ತ ನಲ್ಲಿಯ ಕಡೆಗೆ ಹೋದ.

ಭಾವ ಹಿಂದಕ್ಕೆ ಬಂದು ಕೊಕ್ಕೆಯ ಹತ್ತಿರ ಕುಕ್ಕರುಗಾಲಲ್ಲಿ ಕೂತರು. ಕೊಕ್ಕೆ ಕಳಚದಂತೆ ಹಾಕುವ ಬೀಗದ ಕಡ್ಡಿಯನ್ನು ತೆಗೆದು ನೋಡಿ ಮತ್ತೆ ಹಾಕಲು ಹೋದರೆ ಅದು ತೂತಿಗೆ ಸೇರುತ್ತಿಲ್ಲ. ಬೆಣ್ಣೆ ಕೈ ಮೂರು ಸಲ ಗುರಿ ತಪ್ಪಿತು. ಸಿಟ್ಟು ಎಲ್ಲೂ ಹೋಗಿರಲಿಲ್ಲ, ಅದನ್ನು ಎತ್ತಿ ಹಿಡಿದು ನಿಂತಿದ್ದರು, ಅಷ್ಟೇ. ನನಗೆ ಭಾವನ ಮೇಲೆ ಅಷ್ಟು ಪ್ರೀತಿ ಹಿಂದೆಂದೂ ಉಕ್ಕಿರಲಿಲ್ಲ. ನಾನೂ ಕೂತು ಕಡ್ಡಿಗೆ ಕೈ ಕೊಟ್ಟೆ.

ಎದ್ದು ನೋಡಿದರೆ ಗುಬ್ಬಿ ನಮ್ಮ ಕಾರಿನ ಹಿಂದಿನ ಬಾಗಿಲು ತೆಗೆದಿದ್ದಳು. ಪರಪರ ಸದ್ದು ಮಾಡುತ್ತ ಸೀಟಿನ ಪ್ಲಾಸ್ಟಿಕ್ ಹರಿಯುತ್ತಿದ್ದಳು. ಪಾಪುವನ್ನು ಅದರಲ್ಲಿ ಕೂರಿಸಿ, ಪಟ್ಟಿ ಬಿಗಿದು, ತನ್ನ ಕಾರಿನ ಕೀ ತಂದು ನನ್ನ ಕೈಗಿಟ್ಟಳು.

"ಮಾವ, ನನ್ನ ಕಾರು ನೀವು ತಗೊಂಡು ಬನ್ನಿ. ನಾನು ಅಂಗಡಿ ಅಪ್ಪನ ಜೊತೆ ಬರ್ತೀನಿ."

ಭಾವ ಆ ಕಡೆ ತಿರುಗಿ, ಆಗಲೇ ಭದ್ರವಾಗಿದ್ದ ಕೊಕ್ಕೆಯನ್ನು ಮತ್ತೊಮ್ಮೆ ಭದ್ರ ಮಾಡಿದರು.

ಉಳಿದ ದಾರಿಯುದ್ದಕ್ಕೂ ನನಗೆ ಕಂಡದ್ದು ಗಾಲಿಮನೆಯ ಬೆನ್ನು ಮಾತ್ರ. ಯಾರು ಯಾರೋ ಭಾವನ ಮುಂದೆ ತೂರಿಕೊಂಡರು, ಅದು ನಿಧಾನವಾಗಿ ಹಿಂದೆ ಸರಿದು ಜಾಗ ಬಿಟ್ಟಿತು. ಕೆರೆಯ ದಡದಲ್ಲಿ ಮರದ ನೆರಳಿಗೆ ಹೋಗಿ ನಿಂತಿತು. ನಾನೂ ನಿಲ್ಲಿಸಿ ಸ್ವಲ್ಪ ಕಾದೆ. ಯಾರೂ ಇಳಿಯಲಿಲ್ಲ. ಏನಾಯಿತೆಂದು ಗಾಬರಿಯಿಂದ ಹೋಗಿ ಬಗ್ಗಿ ನೋಡಿದೆ.

ಎಂಜಿನ್ ಆರಿಸಿತ್ತು. ಅಕ್ಕ ಮುಂದಿನ ಸೀಟಿನಲ್ಲಿ ಕಣ್ಣು ಒರೆಸಿಕೊಳ್ಳುತ್ತಿದ್ದಳು. ಹಿಂದೆ ಪಾಪು ಅಮ್ಮನ ಬೆರಳು ಹಿಡಿದುಕೊಂಡು ಮಲಗಿತ್ತು. ಅದರ ಪಕ್ಕದಲ್ಲಿ ಗುಬ್ಬಿ, ಗಾಜಿಗೆ ತಲೆ ಒರಗಿಸಿ, ಚಿಕ್ಕಂದಿನಲ್ಲಿ ಅಂಗಡಿಯ ಬೆಂಚಿನ ಮೇಲೆ ಮಲಗುತ್ತಿದ್ದ ಹಾಗೆ ಬಾಯಿ ಬಿಟ್ಟುಕೊಂಡು ಗಾಢ ನಿದ್ದೆಯಲ್ಲಿದ್ದಳು. ನಾನು ಬಾಗಿಲಿಗೆ ಕೈ ಹಾಕಿದೆ. ಭಾವ ನನ್ನ ಕಡೆ ತಿರುಗದೆ ಬಲಗೈ ಎತ್ತಿ ಕಿವಿಯ ಹತ್ತಿರ ಹಿಡಿದರು. ಅವಳು ತಾನಾಗಿ ಕಣ್ಣು ತೆರೆಯುವವರೆಗೆ ಅದನ್ನು ಇಳಿಸಲಿಲ್ಲ.