ತಂತಿಯಿಲ್ಲದೆ ಬಂದ ರೊಟ್ಟಿ ಸದ್ದು

ಕಾರಣವಿಲ್ಲದೆ ಏನೂ ನಡೆಯುವುದಿಲ್ಲ ಎಂದು ನಂಬಿದ್ದವನು ನಾನು. ಓದಿದ್ದು ಏಳನೆಯ ತರಗತಿ. ಆಮೇಲೆಲ್ಲ ಬಾಲಾನಗರದಲ್ಲಿ ವೈರಿಂಗ್ ಕೆಲಸ. ಬಲ್ಬು ಉರಿಯದಿದ್ದರೆ ಎಲ್ಲೋ ವೈರು ಬಿಟ್ಟಿದೆ ಎಂದೇ ಅರ್ಥ. ಯಾರಾದರೂ ಪವಾಡದ ಮಾತೆತ್ತಿದರೆ ನಗುತ್ತಿದ್ದೆ. ಈಗ ನಗುವುದಿಲ್ಲ. ನೀವು ನಂಬಲೇಬೇಕೆಂದೂ ಹೇಳುವುದಿಲ್ಲ.

ನನ್ನ ತಂಗಿ ಕಂಪ್ಯೂಟರಿನಲ್ಲಿ ಸಂಗೀತ ಕಟ್ಟುತ್ತಾಳೆ. ಕೆಲವು ವರ್ಷಗಳ ಹಿಂದೆ ನಮ್ಮ ಊರಿನ ಇನ್ನೊಂದು ಬಡಾವಣೆ ಗಚ್ಚಿಬೌಲಿಯಲ್ಲಿ ಬಾಗಿದ ಗೋಡೆಗಳ ಒಂದು ದೊಡ್ಡ ಕೋಣೆ ಕಟ್ಟಿದರು. ಒಳಗೆ ಕತ್ತಲು, ಸಂಗೀತ ಯಾವ ಗೋಡೆಯಿಂದ ಬರುತ್ತದೋ ಆ ಗೋಡೆ ಬೆಳಗಬೇಕು. ಸಂಗೀತ ಅವಳದು. ಸ್ಪೀಕರುಗಳಿಗೆ ವೈರು ಎಳೆಯುವ ಕೆಲಸವನ್ನು ಅವಳೇ ನನಗೆ ಕೊಡಿಸಿದಳು. ಅದೇ ನನ್ನನ್ನು ಚುಚ್ಚಿತು. ಅವಳು ಓದಲೆಂದು ಶಾಲೆ ಬಿಟ್ಟವನು ನಾನು. ಅವ್ವ ಬೇರೆ ನೆರೆಯವರ ಮುಂದೆ, "ಮಗಳು ರಾಗ ಎಳೀತಾಳ, ಮಗ ವೈರ್ ಎಳೀತಾನ. ಇಬ್ರೂ ಎಳಿಯಾವ್ರs!" ಎಂದಳು. ಎಲ್ಲರೂ ನಕ್ಕರು. ನಾನೂ ನಕ್ಕೆ.

ಕೊನೆಯಲ್ಲಿ ಉಳಿದ ಸ್ಪೀಕರುಗಳೆಲ್ಲ ಸುಮ್ಮನಾಗಿ, ಒಂದೇ ಗೋಡೆಯಿಂದ ಅವ್ವ ಜೋಳದ ರೊಟ್ಟಿ ಬಡಿಯುವ ಸದ್ದು ಬರಬೇಕಿತ್ತು. ತಂಗಿ ಅದನ್ನು ನಮ್ಮ ಮನೆಯಲ್ಲೇ ರೆಕಾರ್ಡ್ ಮಾಡಿದ್ದಳು. ದಿನಾ ಆ ಸದ್ದಿಗೆ ಎದ್ದು ಕೆಲಸಕ್ಕೆ ಹೋಗುವವನು ನಾನು; ಹೆಸರು ಅವಳಿಗೆ! ವೈರು ಸಿಕ್ಕಿಸಿದ ಮೇಲೆ ಒಮ್ಮೆ ಜಗ್ಗಿ ನೋಡುವುದು ನಮ್ಮವರ ರೂಢಿ. ಮೊದಲ ಪ್ರದರ್ಶನದ ಸಂಜೆ, ಜಗ್ಗಿ ನೋಡುವ ನೆಪದಲ್ಲಿ ಆ ಕೊನೆಯ ಗೋಡೆಯ ಹಿಂದೆ ಹೋಗಿ ಅದರ ಸ್ಪೀಕರಿನ ಎರಡೂ ವೈರು ಕಿತ್ತೆ. ಗೋಡೆ ಬೆಳಗಲಿ, ಸದ್ದು ಬಾರದಿರಲಿ, ಜನ ಅವಳನ್ನು ನೋಡಿ ನಗಲಿ ಎಂದು ಅಲ್ಲೇ ಕಾದು ನಿಂತೆ.

ಸದ್ದು ಬಂತು. ಮೊದಲು ಮೆಲ್ಲಗೆ, ಆಮೇಲೆ ಅವ್ವನ ಕೈಯಷ್ಟೇ ಬಿರುಸಾಗಿ. ಟಾರ್ಚ್ ಹಾಕಿದೆ. ಎರಡೂ ವೈರು ನೇತಾಡುತ್ತಿದ್ದವು. ಸ್ಪೀಕರಿನ ಮೇಲೆ ಅಂಗೈ ಇಟ್ಟೆ. ಒಳಗಿನ ಬಡಿತ ಕೈಗೆ ತಾಗುತ್ತಿತ್ತು.

ಪ್ರದರ್ಶನ ಮುಗಿದು ನಾನು ಟಾರ್ಚ್ ಆರಿಸುವಷ್ಟರಲ್ಲಿ ತಂಗಿ ಓಡಿಬಂದು ಅದೇ ಕೈ ಹಿಡಿದಳು. "ಅಣ್ಣಾ, ಕೊನೀ ಗ್ವಾಡಿ ಭಾಳ ಚಲೋ ಬಂತು! ಅವ್ವ ಅಳಾಕತ್ತಾಳ."

"ಯಾರ್ ಅಳಾಕತ್ತಾರ?" ಎಂದು ಅವ್ವ ಹಿಂದಿನಿಂದ ಗದರಿದಳು. "ಅಷ್ಟ್ ಜೋರ್ ಬಡದ್ರ ರೊಟ್ಟಿ ಹರೀತೈತಿ ಅಂದೆ."

ಅವರು ಹೋದ ಮೇಲೆ ವೈರು ಮತ್ತೆ ಸಿಕ್ಕಿಸಿದೆ. ಬೇರೆ ಗೋಡೆಯ ಸದ್ದು ಈ ಬಾಗಿದ ಗೋಡೆಗೆ ಬಡಿದು ತಿರುಗಿ ಬಂದಿತ್ತೇ ಎಂದು ಎಷ್ಟೋ ಸಲ ಯೋಚಿಸಿದ್ದೇನೆ. ಆದರೆ ಆಗ ಉಳಿದವೆಲ್ಲ ಸುಮ್ಮನಿದ್ದವು. ತಿಳಿದವರನ್ನು ಕೇಳಬೇಕು, ನನಗೆ ಗೊತ್ತಿರುವವರಲ್ಲಿ ತಿಳಿದವಳು ತಂಗಿಯೊಬ್ಬಳೇ. ವೈರಿಲ್ಲದೆ ಸದ್ದು ಬಂತೆಂದು ಅವಳಿಗೆ ಹೇಳಬೇಕಾದರೆ, ವೈರು ಕಿತ್ತವನು ಯಾರೆಂದು ಮೊದಲು ಹೇಳಬೇಕು.