ದ್ರೌಪದಿಯ ಎಡಗೈ

ನಮ್ಮಣ್ಣ ದ್ರೌಪದಿಯಾಗಿ ಉಳಿದಿದ್ದ ಕೊನೆಯ ದಿನ ಒಂದು ಸೋಮವಾರ. ಸೋಮವಾರಪೇಟೆಯಲ್ಲಿ ಅವತ್ತು ಸಂತೆ, ದರ್ಜಿ ಅಂಗಡಿಗೆ ಉಸಿರಾಡಲೂ ಬಿಡುವಿಲ್ಲ. ಅಣ್ಣ ಮಷಿನ್ ತುಳಿಯುತ್ತಿದ್ದ. ನಾನು ಮೂಲೆಯ ಮಣೆಯ ಮೇಲೆ ಕೂತು ರವಿಕೆಗಳಿಗೆ ಹುಕ್ಕು ಹಾಕುತ್ತಿದ್ದೆ. ಕಾಫಿ ತೋಟದ ಕೂಲಿ ಲೈನುಗಳಿಂದ ಬಂದ ಹೆಂಗಸರು ಬಾಗಿಲಲ್ಲಿ ನಿಂತು "ಅಣ್ಣಾ, ನಂದು ಮೊದ್ಲು" ಎಂದು ತಮ್ಮತಮ್ಮಲ್ಲೇ ಜಗಳವಾಡುತ್ತಿದ್ದರು. ಅಣ್ಣ ತಲೆಯೆತ್ತದೆ ಒಬ್ಬೊಬ್ಬರಿಗೂ "ನಿಂದೇ ಮೊದ್ಲು ಕಣಮ್ಮ" ಎನ್ನುತ್ತಿದ್ದ. ಅಷ್ಟೇ. ಆ ದಿನವನ್ನು ಇಷ್ಟು ವರ್ಷ ನೆನಪಿಟ್ಟುಕೊಳ್ಳಬೇಕಾಗುತ್ತದೆ ಎಂದು ಗೊತ್ತಿದ್ದರೆ ಇನ್ನಷ್ಟು ಗಮನವಿಟ್ಟು ನೋಡುತ್ತಿದ್ದೆ.

ಇದೆಲ್ಲ ಈಗ ಯಾಕೆಂದರೆ, ಕಳೆದ ವಾರ ಮೊಮ್ಮಗಳು ಒಂದು ಪತ್ರಿಕೆ ತಂದು ನನ್ನ ಮುಂದೆ ಹರವಿದಳು. ಜಪಾನಿನ ಒಬ್ಬ ನಟನ ಬಗ್ಗೆ ನಾಲ್ಕು ಪುಟ. ಕಬುಕಿ ಎಂಬ ಅವರ ಹಳೆಯ ನಾಟಕದಲ್ಲಿ ಹೆಣ್ಣಿನ ಪಾತ್ರವನ್ನೇ ಮಾಡುತ್ತ ಬಂದವನು. ಎಪ್ಪತ್ತು ದಾಟಿದರೂ ಇನ್ನೂ ಹದಿನೆಂಟರ ಹುಡುಗಿಯಾಗುತ್ತಾನಂತೆ. ಅವನ ಹೆಸರು ಅವನ ಅಪ್ಪನದು, ಅದಕ್ಕೂ ಮೊದಲು ಅಜ್ಜನದು. ನಮ್ಮಲ್ಲಿ ಗದ್ದೆ ತೋಟ ಬಿಟ್ಟುಹೋಗುವಂತೆ ಅವರಲ್ಲಿ ಹೆಸರು ಬಿಟ್ಟುಹೋಗುತ್ತಾರೆ. ಪ್ರತಿ ಚಿತ್ರದ ಕೆಳಗೂ ಆ ಹೆಸರಿತ್ತು. ಓದಿ ಸಂತೋಷಪಡಬೇಕಾದವಳಿಗೆ ಸಿಟ್ಟು ಬಂತು. ಅಣ್ಣ ತೀರಿಕೊಂಡು ಆಗ ಎರಡು ತಿಂಗಳು. ಸಿಟ್ಟು ಆ ಜಪಾನಿನವನ ಮೇಲಲ್ಲ. ಯಾರ ಮೇಲೆ ಎಂದು ಹೇಳಲಿಕ್ಕೇ ಕೂತಿದ್ದೇನೆ, ಕೇಳಿ.

ಆಗ ಕೊಡಗು ತಾನೇ ಒಂದು ರಾಜ್ಯ, ಮಡಿಕೇರಿಯೇ ರಾಜಧಾನಿ. ನಮ್ಮೂರ ನಾಟಕ ಸಂಘದಲ್ಲಿ ಅಣ್ಣ ಮೀಸೆ ಚಿಗುರುವ ಮೊದಲೇ ಸೀರೆ ಉಟ್ಟವನು. ಹತ್ತು ವರ್ಷ ಅವನನ್ನು ಬಿಟ್ಟು ಇನ್ನೊಬ್ಬ ನಾಯಕಿ ಇರಲಿಲ್ಲ. ಅವನಿಗೆ ಕಲಿಸಿದವರು ಯಾರೂ ಇಲ್ಲ. ಅಂಗಡಿಗೆ ಬರುವ ಹೆಂಗಸರನ್ನು ನೋಡಿ ಕಲಿತ. ದ್ರೌಪದಿ ಸಭೆಯಲ್ಲಿ ನಿಲ್ಲುವ ಭಂಗಿ ಒಬ್ಬ ತಮಿಳು ಹೆಂಗಸಿನದು. ಕಾಫಿ ಹಣ್ಣು ತೂಗುವಾಗ ತೋಟದ ಲೆಕ್ಕ ಬರೆಯುವ ರೈಟರ್ ಮೋಸ ಮಾಡಿದನೆಂದು ಅವನೆದುರು ಅವಳು ಹಾಗೆ ನಿಂತಿದ್ದಳಂತೆ. ಸೀತೆಗೆ ನಮ್ಮಮ್ಮನ ನಡಿಗೆ. ಬಲಗಾಲನ್ನು ಒಂದು ಕ್ಷಣ ತಡೆದು ಇಡುವುದು. ಬೆಂಕಿಗಿಳಿಯುವ ಸೀತೆ ಹಾಗೆ ಕಾಲಿಟ್ಟಾಗ ಜನ ಕಣ್ಣೊರೆಸಿಕೊಳ್ಳುತ್ತಿದ್ದರು. ಅದು ಅಮ್ಮನ ಮಂಡಿನೋವೆಂದು ನಮಗಿಬ್ಬರಿಗೆ ಮಾತ್ರ ಗೊತ್ತು.

"ಅಣ್ಣ, ನನ್ನ ನಡಿಗೆ ಯಾರಿಗೆ ಕೊಡ್ತೀಯ?" ಎಂದು ಒಮ್ಮೆ ಕೇಳಿದ್ದೆ.

"ನಿಂದು ಹೆಣ್ಣಿನ ಪಾತ್ರಕ್ಕೆ ಬರಲ್ಲ ಕಣೇ. ಭೀಮನ ಪಾತ್ರದೋನು ಕೇಳ್ತಿದ್ದ, ಕೊಡ್ಲಾ?"

ಇನ್ನು ಎಡಗೈ. ಮಷಿನ್ನಿನ ಸೂಜಿ ಎಡ ತೋರುಬೆರಳಿಗೆ ನೆಟ್ಟು ಉಗುರು ಎರಡು ಸೀಳಾಗಿ ಹಾಗೇ ಬೆಳೆದಿತ್ತು. ರಾಣಿಗೆ ದರ್ಜಿಯ ಬೆರಳಿದ್ದರೆ ಹೇಗೆ? ಅದಕ್ಕೇ ರಂಗದ ಮೇಲೆ ಎಡಗೈಯನ್ನು ಸೆರಗಿನೊಳಗೆ ಮಡಚಿಟ್ಟುಕೊಳ್ಳುತ್ತಿದ್ದ. ಊರಿನ ಹಿರಿಯರು ಅದನ್ನೇ ಕುಲಸ್ತ್ರೀಯ ಗಾಂಭೀರ್ಯ ಎಂದು ಹೊಗಳಿದರು. ಮಡಿಕೇರಿಯಿಂದ ಬಂದ ಫೋಟೋದವನು ಹಾಗೇ ನಿಲ್ಲಿಸಿ ಒಂದು ಚಿತ್ರ ತೆಗೆದ. ಅದನ್ನು ಸಂಘದ ಕೋಣೆಯ ಗೋಡೆಗೆ ಹಾಕಿದರು.

ಆ ಸೋಮವಾರ ಮಧ್ಯಾಹ್ನ ಸಂಘದ ಕಾರ್ಯದರ್ಶಿ ಅಂಗಡಿಗೆ ಬಂದರು. ಏಲಕ್ಕಿ ವ್ಯಾಪಾರಿ, ದೊಡ್ಡ ಮನುಷ್ಯರು. ಒಂದು ಚೀಟಿ ಮಷಿನ್ನಿನ ಮೇಲಿಟ್ಟರು.

"ಈ ಅಳತೆಗೆ ಒಂದು ರೇಷ್ಮೆ ರವಿಕೆ ಆಗ್ಬೇಕಲ್ಲಪ್ಪ. ಶುಕ್ರವಾರದೊಳಗೆ."

"ಯಾರ್ದು ಸ್ವಾಮಿ?"

"ದ್ರೌಪದಿದು."

ಅಣ್ಣ ಚೀಟಿ ಓದಿದ. ದ್ರೌಪದಿಯ ಅಳತೆ ಅವನಿಗೆ ಬಾಯಿಪಾಠ; ಅದು ಅವನದೇ ಮೈ ಅಳತೆ. ಚೀಟಿಯಲ್ಲಿದ್ದದ್ದು ಬೇರೆ. ಮಷಿನ್ ನಿಂತಿತು.

"ಮೈಸೂರಿಂದ ಒಬ್ಬಾಕೆ ಬರ್ತಾಳೆ, ನಾಟಕ ಕಂಪೆನೀಲಿ ಆಡಿದೋಳು. ನೀನು ಬೇಜಾರು ಮಾಡ್ಕೋಬಾರ್ದು. ನಾಳೆ ದಿನ ನಾವು ಮೈಸೂರು ರಾಜ್ಯಕ್ಕೆ ಸೇರ್ಕೊಂಡ್ರೆ, ಇವರಲ್ಲಿ ಇನ್ನೂ ಗಂಡಸ್ರು ಸೀರೆ ಉಡ್ತಾರೆ ಅಂತ ಅಲ್ಲಿಯೋರು ನಗ್ಬಾರ್ದು ನೋಡು."

ಹತ್ತು ವರ್ಷ ಅತ್ತವರಿಗೆಲ್ಲ ಒಂದೇ ದಿನಕ್ಕೆ ಅಲ್ಲಿಯವರ ನಗು ದೊಡ್ಡದಾಗಿಬಿಟ್ಟಿತೇ? ನಾನು ಹದಿನಾಲ್ಕರವಳು, ಬಾಯಿ ತೆರೆಯಲು ಹೋದೆ. ಅಣ್ಣ ನನ್ನತ್ತ ನೋಡಿ ಬೇಡವೆಂದು ತಲೆಯಾಡಿಸಿದ. ಆಮೇಲೆ ಅವರಿಗೆ ಕೇಳಿದ್ದು ಒಂದೇ ಮಾತು: "ತೋಳು ಎಷ್ಟುದ್ದ ಬೇಕು ಸ್ವಾಮಿ?"

ರವಿಕೆ ಗುರುವಾರವೇ ಮುಗಿಯಿತು. ನನ್ನ ಸಿಟ್ಟು ಆ ಹೆಂಗಸಿನ ಮೇಲೂ ಅಲ್ಲ. ಅಳತೆ ನೋಡಲು ಬಂದವಳು ಅಣ್ಣನ ಕಾಲಿಗೆ ನಮಸ್ಕಾರ ಮಾಡಿ, "ನೀವು ಹೆಂಗೆ ನಿಲ್ತಿದ್ರಿ ಅಂತ ತೋರಿಸ್ಕೊಡಿ ಅಣ್ಣ, ಈ ಊರಿನೋರು ಅದನ್ನೇ ಕೇಳ್ತಾರೆ" ಎಂದಳು. ಬಟ್ಟೆಯ ಚೂರುಗಳ ನಡುವೆ ನಿಂತು ಅಣ್ಣ ತೋರಿಸಿಕೊಟ್ಟ. ಅವಳ ಎಡಗೈಯ ಐದು ಬೆರಳೂ ಚೆಂದವಾಗಿದ್ದವು. ಆದರೂ ಅವಳ ಜೊತೆ ಬಂದಿದ್ದ ಕಾರ್ಯದರ್ಶಿಗಳು ಬಿಡಲಿಲ್ಲ: "ಕೈ ಸೆರಗಿನೊಳಗೆ ಇಟ್ಕೊಳ್ಳಮ್ಮ. ನಮ್ಮೂರ ದ್ರೌಪದಿ ಹಂಗೇ." ಅವಳು ಇಟ್ಟುಕೊಂಡಳು. ಅಣ್ಣ ಮತ್ತೆ ಬಣ್ಣ ಹಚ್ಚಲಿಲ್ಲ. ಕಾಲ ಬದಲಾಗುತ್ತದೆ, ಹೆಂಗಸರು ರಂಗಕ್ಕೆ ಬರಲೇಬೇಕಿತ್ತು, ಅದೆಲ್ಲ ನನಗೂ ಗೊತ್ತು. ಆದರೆ ಅವನ ಕೈಯಿಂದಲೇ ಆ ರವಿಕೆ ಹೊಲಿಸಬೇಕಿತ್ತೇ? ಪೇಟೆಯಲ್ಲಿ ಬೇರೆ ದರ್ಜಿ ಇರಲಿಲ್ಲವೇ? ನೀವೇ ಹೇಳಿ.

ಎಷ್ಟೋ ವರ್ಷಗಳ ಮೇಲೆ ಸಂಘದ ಕೋಣೆಗೆ ಸುಣ್ಣ ಹೊಡೆಸಿ ಚಿತ್ರಗಳಿಗೆಲ್ಲ ಹೆಸರು ಅಂಟಿಸಿದರು. ಅಣ್ಣನ ಚಿತ್ರದ ಕೆಳಗೆ ಆ ಮೈಸೂರಿನಾಕೆಯ ಹೆಸರು. ನಾನು ಹಾರಾಡಿದೆ. ಅಣ್ಣ, "ದ್ರೌಪದಿ ಅಂತ ಗೊತ್ತಾಗುತ್ತಲ್ಲ, ಬಿಡೇ" ಎಂದ. ಅವನ ಮೇಲೂ ನನಗೆ ಸಿಟ್ಟಿದೆ. ಅವನು ಬಿಟ್ಟುಕೊಟ್ಟನೆಂದೇ ಎಲ್ಲರೂ ತೆಗೆದುಕೊಂಡರು.

ಪತ್ರಿಕೆ ನೋಡಿದ ಮಾರನೆಯ ದಿನ ಅದನ್ನು ಕಂಕುಳಲ್ಲಿಟ್ಟುಕೊಂಡು ಮೊಮ್ಮಗಳ ಜೊತೆ ಸಂಘಕ್ಕೆ ಹೋದೆ. ಈಗಿನ ಕಾರ್ಯದರ್ಶಿ ಬ್ಯಾಂಕಿನಲ್ಲಿರುವವರು, ಮರ್ಯಾದಸ್ಥರು. ಕುರ್ಚಿ ಕೊಟ್ಟು, ಕನ್ನಡಕ ಏರಿಸಿ, ಚಿತ್ರದ ಹತ್ತಿರ ಹೋಗಿ ನೋಡಿದರು.

"ಅಜ್ಜಿ, ಇದು ಹೆಂಗಸಲ್ವಾ?"

ಅಣ್ಣನಿಗೆ ಸಿಕ್ಕ ಅತಿ ದೊಡ್ಡ ಹೊಗಳಿಕೆ ಅದು. ಕೇಳಲು ಅವನಿರಲಿಲ್ಲ.

"ಕೈ ನೋಡಪ್ಪ, ಎಡಗೈ. ಅದನ್ನ ಹಂಗಿಟ್ಕೊಳ್ತಿದ್ದೋನು ನಮ್ಮಣ್ಣ."

ಅವರು ಬೀರುವಿನಿಂದ ಹಳೆಯ ಆಲ್ಬಮ್ ತೆಗೆದು ಪುಟ ತಿರುಗಿಸಿದರು. ಮೈಸೂರಿನಾಕೆಯ ಆರೇಳು ಚಿತ್ರಗಳು. ಎಲ್ಲದರಲ್ಲೂ ಎಡಗೈ ಸೆರಗಿನೊಳಗೆ. "ಆಯಮ್ಮಂದೂ ಹಂಗೇ ಇದೆಯಲ್ಲಜ್ಜಿ. ದಾಖಲೆ ಏನಾದ್ರೂ ಇದ್ರೆ ತನ್ನಿ, ಕಮಿಟಿ ಮುಂದೆ ಇಡ್ತೀನಿ."

ಒಡೆದ ಉಗುರಿನ ಆ ಬೆರಳೇ ನನ್ನ ದಾಖಲೆ. ಅದು ಎರಡು ತಿಂಗಳ ಹಿಂದೆ ಸುಟ್ಟುಹೋಯಿತು.

ಮೆಟ್ಟಿಲಿಳಿಯುವಾಗ ಮೊಮ್ಮಗಳು ಕೈ ಹಿಡಿದುಕೊಂಡಳು. ಬಲಗಾಲನ್ನು ಒಂದು ಕ್ಷಣ ತಡೆದು ಇಟ್ಟೆ, ಇನ್ನೊಂದು ಮೆಟ್ಟಿಲಿಗೂ ಹಾಗೇ. ಮಂಡಿನೋವು. ಭೀಮನ ನಡಿಗೆಯವಳಿಗೆ ಕೊನೆಗೂ ಸೀತೆಯ ನಡಿಗೆ ಬಂದಿದೆ. ಅಣ್ಣನಿಗೆ ಹೇಳಿದ್ದರೆ ನಕ್ಕುಬಿಡುತ್ತಿದ್ದ.

ಅವನ ಹೆಸರು ಶಂಕರಪ್ಪ. ಆ ಚಿತ್ರದ ಕೆಳಗೆ ಅದು ಇನ್ನೂ ಇಲ್ಲ.